ಕರಾವಳಿ ಮನೆಯಲ್ಲಿ ಮುಧೋಳ ನಾಯಿ: ಓಡಿಸುವುದು, ಒಣಗಿಸುವುದು ಮತ್ತು ಉಳಿದದ್ದು

"ಟೀಚರ್, ಮುಧೋಳ ನಾಯಿ ತರುವ ಅಂದಾಜಿದೆ, ಹೇಗೆ ಸಾಕುದು?" ಎಂದು ಕೇಳಿಕೊಂಡು ಬರುವವರಿಗೆ ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ನಿಮ್ಮ ಕಂಪೌಂಡು ಎಷ್ಟು ಎತ್ತರ ಉಂಟು? ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ನಾಯಿ ಎಲ್ಲಿ ಮಲಗುತ್ತದೆ? ಎರಡಕ್ಕೂ ನೆಟ್ಟಗಿನ ಉತ್ತರ ಇದ್ದರೆ ಉಳಿದದ್ದನ್ನೆಲ್ಲ ಕಲಿಯಬಹುದು. ಇಲ್ಲವಾದರೆ ಊರಿನದ್ದೇ ಒಂದು ಮರಿ ಸಾಕಿ, ನಿಮಗೂ ಸುಖ, ಅದಕ್ಕೂ ಸುಖ ಎನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆಗಲಿ.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಈಗ ಉಡುಪಿ ಹತ್ತಿರದ ಕಟಪಾಡಿ ಬದಿಯ ಮನೆಯಲ್ಲಿ ನಾನು, ಯಜಮಾನರು ಮತ್ತು ಬೊಳ್ಳಿ. ಬೊಳ್ಳಿ ಮುಧೋಳದ ಹೆಣ್ಣು ನಾಯಿ. ಮಕ್ಕಳ ಕಾಲು, ಉಸಿರು, ಸ್ನಾಯು ನೋಡಿಯೇ ಸರ್ವೀಸು ಕಳೆದವಳಿಗೆ ಈ ನಾಯಿ ಬೇಗ ಅರ್ಥವಾಯಿತು. ಆಳದ ಎದೆ, ಹಿಡಿಯಷ್ಟು ಸೊಂಟ, ತೆಳು ಚರ್ಮ, ಗಿಡ್ಡ ಕೂದಲು, ಮೈಯಲ್ಲಿ ಕೊಬ್ಬು ಹುಡುಕಿದರೂ ಸಿಗುವುದಿಲ್ಲ. ಇದು ನೆಲದ ವಾಸನೆ ಹಿಡಿದು ನಿಧಾನಕ್ಕೆ ಹೋಗುವ ಜಾತಿಯಲ್ಲ, ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ಜಾತಿ. ಪೂರ್ತಿ ಓಟಕ್ಕೆ ಬಿದ್ದಾಗ ಒಂದೊಂದು ದಾಪಿನಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಇದನ್ನು ಸಾಕುವ ಕ್ರಮವೆಲ್ಲ ಈ ಮೈಯಿಂದಲೇ ಬರುವುದು.

ಇದರ ತವರು ಬಾಗಲಕೋಟೆ ಜಿಲ್ಲೆಯ ಮುಧೋಳ. ಅಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ನಮ್ಮ ಉಡುಪಿಯಲ್ಲಿ 4000 ಮಿ.ಮೀ. ದಾಟುತ್ತದೆ. ಅಂದರೆ ಅಲ್ಲಿಯ ಇಡೀ ವರ್ಷದ ಮಳೆ ನಮ್ಮಲ್ಲಿ ಜುಲೈಯ ಎರಡು ವಾರಕ್ಕೆ ಬಿದ್ದು ಮುಗಿಯುತ್ತದೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಉಳಿಸಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಉಡುಗೊರೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಆದರೂ ನಮ್ಮ ಕಡೆ ಇದರ ಮೇಲೆ ಜನರ ಕಣ್ಣು ಬಿದ್ದದ್ದು 2020ರ ಆಗಸ್ಟಿನಲ್ಲಿ ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲಿ ಹೆಸರೆತ್ತಿದ ಮೇಲೆ. ಮಿಲಿಟರಿಯವರೂ ತೆಗೆದುಕೊಂಡಿದ್ದಾರೆಂದ ಮೇಲೆ ಕೇಳಬೇಕೇ! ಕಾವಲಿಗೆ ಭಾರಿ ಒಳ್ಳೆಯದು ಎಂದು ಎಲ್ಲರೂ ತಿಳಿದುಕೊಂಡರು. ನಮ್ಮ ಬೊಳ್ಳಿ ಬೊಗಳುವುದೇ ಅಪರೂಪ. ಗೇಟಿಗೆ ಯಾರಾದರೂ ಬಂದರೆ ಎದ್ದು ನಿಂತು ನೋಡುತ್ತಾಳೆ. ಬಂದವರು ಮುಟ್ಟಲು ಕೈ ಚಾಚಿದರೆ ಸುಮ್ಮನೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಕಳ್ಳರಿಗೆ ಹೆದರಿಸಲು ನಾಯಿ ಬೇಕಿದ್ದವರು ಬೇರೆ ನೋಡಿಕೊಳ್ಳಿ.

ಮರಿ ತರುವಾಗ

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಉಂಟು. ಮೊದಲು ಅಲ್ಲಿ ವಿಚಾರಿಸಿ. ಸುತ್ತಲಿನ ಹಳ್ಳಿಗಳಲ್ಲೂ ಸಾಕುವ ಮನೆಗಳಿವೆ. ಎಲ್ಲೇ ಆಗಲಿ, ತಾಯಿಯನ್ನು ಕಣ್ಣಾರೆ ನೋಡದೆ ಮರಿ ಎತ್ತಿಕೊಳ್ಳಬೇಡಿ. ತಾಯಿ ಮನುಷ್ಯರನ್ನು ಕಂಡು ಮೂಲೆ ಸೇರಿ ನಡುಗುತ್ತಿದ್ದರೆ ಮರಿಯೂ ಹಾಗೆಯೇ ಆಗುವ ಸಂಭವ ಹೆಚ್ಚು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ಸರಕಾರದ ನಿಯಮವೇ ಇದೆ. "ತಿಂಗಳಾಯ್ತು, ಬಸ್ಸಿನಲ್ಲಿ ಹಾಕಿ ಕಳಿಸ್ತೇವೆ" ಎನ್ನುವವರ ಫೋನು ಅಲ್ಲಿಗೇ ಇಟ್ಟುಬಿಡಿ.

ತರುವ ಕಾಲವೂ ಮುಖ್ಯ. ದೀಪಾವಳಿಯ ಗರ್ನಾಲು ಮುಗಿದ ಮೇಲೆ ತನ್ನಿ. ಆರು ತಿಂಗಳು ಒಣ ಹವೆ ಸಿಗುತ್ತದೆ, ಅಷ್ಟರಲ್ಲಿ ಚುಚ್ಚುಮದ್ದೆಲ್ಲ ಮುಗಿಯುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಮರಿಗೆ ಮೈ ಬಂದಿರುತ್ತದೆ. ಆರೆಂಟು ವಾರಕ್ಕೆ ಶುರುವಾಗುವ ಚುಚ್ಚುಮದ್ದನ್ನು ಮೂರು ನಾಲ್ಕು ವಾರಕ್ಕೊಮ್ಮೆಯಂತೆ ನಾಲ್ಕು ತಿಂಗಳು ತುಂಬುವವರೆಗೆ ಹಾಕಿಸಬೇಕು, ಮೂರು ತಿಂಗಳಿಗೆ ರೇಬಿಸಿನದ್ದು. ಅದರಲ್ಲಿ ಇಲಿಜ್ವರದ್ದೂ ಸೇರಿದೆಯೋ ಎಂದು ಡಾಕ್ಟರಲ್ಲಿ ಬಾಯಿಬಿಟ್ಟು ಕೇಳಿ. ಗದ್ದೆ, ತೋಡು, ಇಲಿ ಇರುವ ನಮ್ಮಂಥ ಊರಿನಲ್ಲಿ ಅದನ್ನು ಬಿಡುವಂತಿಲ್ಲ, ವರ್ಷಾವರ್ಷ ತಪ್ಪಿಸುವಂತೆಯೂ ಇಲ್ಲ. ಆ ಜ್ವರ ನಾಯಿಯಿಂದ ಮನುಷ್ಯರಿಗೂ ದಾಟುತ್ತದೆ.

ಕಂಪೌಂಡು, ಸೀಟಿ, ಬೆಲ್ಟು

ನಮ್ಮ ಮುರಕಲ್ಲಿನ ಕಂಪೌಂಡುಗಳು ಹೆಚ್ಚಾಗಿ ಎದೆಮಟ್ಟ. ಬೆಳೆದ ಮುಧೋಳ ನಾಯಿಗೆ ಅದೊಂದು ಮೆಟ್ಟಲು ಅಷ್ಟೆ. ಆರು ಅಡಿಯಾದರೂ ಬೇಕು. ಕಲ್ಲು ಏರಿಸುವುದು ದುಬಾರಿ ಎಂದು ಕಂಡರೆ ಇರುವ ಗೋಡೆಯ ಮೇಲೆ ಕಬ್ಬಿಣದ ಕೋನ ನಿಲ್ಲಿಸಿ ಬಲೆ ಕಟ್ಟಿಸಿ. ಮುಳ್ಳುತಂತಿ ಮಾತ್ರ ಖಂಡಿತ ಬೇಡ. ಬೇರೆ ನಾಯಿಗೆ ಗೀರು ಬೀಳುವಲ್ಲಿ ಇದಕ್ಕೆ ಚರ್ಮವೇ ಹರಿದು ಹೊಲಿಗೆ ಹಾಕಿಸಬೇಕಾಗುತ್ತದೆ. ಗೇಟಿನ ಅಡಿಯ ಸಂದಿ ಮುಚ್ಚಿ, ಬಾವಿಗೆ ಕಟ್ಟೆ ಇಲ್ಲದಿದ್ದರೆ ಕಟ್ಟಿಸಿ. ಓಡುವ ನಾಯಿಗೆ ಎದುರಿನ ಬಾವಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಇಷ್ಟೆಲ್ಲ ಯಾಕೆಂದರೆ, ಬೆನ್ನಟ್ಟಲು ಹೊರಟ ಮೇಲೆ ಇದಕ್ಕೆ ಕಿವಿ ಇರುವುದಿಲ್ಲ. ಮಟ್ಟುವಿನ ಗುಳ್ಳ ಬದನೆಯ ಗದ್ದೆಗಳ ಬದಿಯಲ್ಲಿ ಈಗ ನವಿಲುಗಳ ಕಾಟ. ಬೊಳ್ಳಿ ನವಿಲು ಕಂಡಾಗ ಏನಾಗುತ್ತದೆಂದು ಹೇಳುತ್ತೇನೆ, ನೀವೂ ಗುರುತಿಟ್ಟುಕೊಳ್ಳಿ. ಮೊದಲು ಮಡಚಿದ ಕಿವಿ ಬುಡದಿಂದ ಏಳುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದವಳು ತಟ್ಟನೆ ಬಾಯಿ ಮುಚ್ಚುತ್ತಾಳೆ. ಮುಂದಿನ ಒಂದು ಕಾಲು ನೆಲದಿಂದ ಮೇಲೆ ನಿಲ್ಲುತ್ತದೆ, ಹಿಂದಿನ ತೊಡೆಯ ಚರ್ಮದಡಿ ಸ್ನಾಯು ಸಣ್ಣಗೆ ಅದುರುತ್ತದೆ. ಆ ಬಾಯಿ ಮುಚ್ಚುವ ಹೊತ್ತಿಗೇ ನೀವು ಅವಳನ್ನು ತಿರುಗಿಸಬೇಕು. ಕಾಲು ಎತ್ತಿದ ಮೇಲೆ ಹಗ್ಗ ಬಿಗಿ ಹಿಡಿಯುವುದೊಂದೇ ದಾರಿ. ನವಿಲಾಗಲಿ, ಮೊಲವಾಗಲಿ ಸತ್ತರೆ ಅದು 1972ರ ವನ್ಯಜೀವಿ ಕಾಯ್ದೆಯ ವಿಷಯ, ನಾಯಿಯ ಹೆಸರಲ್ಲಿ ಕೇಸು ಆಗುವುದಿಲ್ಲ, ನಿಮ್ಮ ಹೆಸರಲ್ಲಿ ಆಗುತ್ತದೆ. ನೆರೆಮನೆಯ ಕೋಳಿಗೆ ಆ ಕಾಯ್ದೆ ಇಲ್ಲ, ಆದರೆ ನೆರೆಮನೆಯವರು ಇದ್ದಾರೆ.

ಹೆದ್ದಾರಿ 66 ನಮ್ಮ ಊರುಗಳನ್ನು ಸೀಳಿಕೊಂಡು ಹೋಗುತ್ತದೆ. ಹಾಗಾಗಿ ಬಯಲಲ್ಲಿ ಚೈನು ಬಿಚ್ಚಿ ಬಿಡುವ ಧೈರ್ಯ ಮಾಡಬೇಡಿ, ಎಷ್ಟು ಕಲಿತ ನಾಯಿಯೇ ಆಗಲಿ. ಆದರೂ ಕರೆದರೆ ಬರುವುದನ್ನು ಕಲಿಸಬೇಕು. ನನ್ನಲ್ಲಿ ಹಳೆಯ ಡ್ರಿಲ್ ಸೀಟಿ ಇತ್ತು, ಅದನ್ನೇ ಬಳಸಿದೆ. ಸೀಟಿ ಊದುವುದು, ಬಂದ ಕೂಡಲೇ ಬೇಯಿಸಿದ ಕೋಳಿ ಲಿವರಿನ ಚೂರು ಕೊಡುವುದು. ಮೊದಲು ಚಾವಡಿಯೊಳಗೆ, ಆಮೇಲೆ ಅಂಗಳದಲ್ಲಿ, ಕಡೆಗೆ ಉದ್ದ ಹಗ್ಗ ಕಟ್ಟಿ ಹೊರಗೆ. ಬಂದಾಗ ಬೈಯಬಾರದು, ತಡವಾಗಿ ಬಂದರೂ ಬೈಯಬಾರದು. ಈ ಜಾತಿಗೆ ಗದರಿಸಿದರೆ ಕಲಿಯುವುದನ್ನೇ ನಿಲ್ಲಿಸಿಬಿಡುತ್ತದೆ. ಬಹುಮಾನಕ್ಕೆ ಒಣಮೀನು ಹಾಕುವವರಿದ್ದಾರೆ. ಉಪ್ಪು ವಿಪರೀತ, ಬೇಡ.

ಸಾಮಾನ್ಯ ಬೆಲ್ಟು ಇದರ ಸಪೂರ ತಲೆಯಿಂದ ಜಾರಿ ಬರುತ್ತದೆ. ಎಳೆದಾಗ ತುಸುವೇ ಬಿಗಿಯಾಗಿ ಅಲ್ಲಿಗೆ ನಿಲ್ಲುವ ಅಗಲ ಪಟ್ಟಿ ಸಿಗುತ್ತದೆ, ಮಾರ್ಟಿಂಗೇಲ್ ಕಾಲರ್ ಎಂದು ಕೇಳಿ. ಇನ್ನು ಉದ್ದ ಹಗ್ಗದಲ್ಲಿ ತೆಂಗಿನ ಮರಕ್ಕೆ ಕಟ್ಟಿಹಾಕುವ ಪದ್ಧತಿ ಇದಕ್ಕೆ ಆಗದು. ಕೂತಲ್ಲಿಂದ ಒಮ್ಮೆಲೇ ಹಾರಿದರೆ ಹಗ್ಗ ಮುಗಿಯುವಲ್ಲಿ ಕುತ್ತಿಗೆಗೆ ಬೀಳುವ ಪೆಟ್ಟು ಸಣ್ಣದಲ್ಲ.

ಓಡಿಸುವುದು

ದಿನವಿಡೀ ಓಡಿಸಬೇಕೆಂದು ಹೆದರಬೇಡಿ. ಬೊಳ್ಳಿ ದಿನದ ಹೆಚ್ಚಿನ ಹೊತ್ತು ಮಲಗಿಯೇ ಇರುತ್ತಾಳೆ. ಬೆಳಿಗ್ಗೆ ಅರ್ಧ ಮುಕ್ಕಾಲು ಗಂಟೆ ನಡಿಗೆ, ಸಂಜೆ ಅಷ್ಟೇ, ವಾರದಲ್ಲಿ ಎರಡು ಮೂರು ಸಲ ಬೇಲಿ ಇರುವ ಜಾಗದಲ್ಲಿ ಮನಸಾರೆ ಓಟ. ರಜೆಯಲ್ಲಿ ಗೇಟು ಹಾಕಿದ ಶಾಲಾ ಮೈದಾನ ಸಿಕ್ಕರೆ ಅದರಂಥದ್ದಿಲ್ಲ, ಹೆಡ್ಮಾಸ್ಟ್ರಲ್ಲಿ ಕೇಳಿ ಹೋಗಿ. ಓಟಕ್ಕೆ ಮುಂಚೆ ಹತ್ತು ನಿಮಿಷ ನಡೆಸಿ ಮೈ ಬಿಸಿ ಮಾಡಿಸಿ, ಆದ ಮೇಲೂ ನಡೆಸಿಯೇ ನಿಲ್ಲಿಸಿ. ಮಕ್ಕಳಿಗೆ ಹೇಳುತ್ತಿದ್ದ ಪಾಠವೇ.

ಒಂದು ವರ್ಷ ತುಂಬುವವರೆಗೆ ಎಲುಬು ಬೆಳೆಯುತ್ತಲೇ ಇರುತ್ತದೆ. ಅದರಷ್ಟಕ್ಕೆ ಆಡಲಿ, ಆದರೆ ಸ್ಕೂಟರಿನ ಹಿಂದೆ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ. ಸ್ಕೂಟರಿನ ಹಿಂದೆ ಓಡಿಸುವುದು ದೊಡ್ಡ ನಾಯಿಗೂ ಬೇಡ.

ಕಡಲ ಬದಿಗೆ ಹೋಗುವವರು ಬೆಳಿಗ್ಗೆ ಏಳು ಗಂಟೆಯೊಳಗೆ ಮುಗಿಸಿ. ನಮ್ಮಲ್ಲಿ ಬಿಸಿಲಿಗಿಂತ ಸೆಕೆ ಮೋಸ ಮಾಡುವುದು. ನಾಯಿ ನಾಲಗೆ ಹೊರಹಾಕಿ ಏದುಸಿರು ಬಿಟ್ಟು ಮೈ ತಣಿಸಿಕೊಳ್ಳುತ್ತದೆ. ಗಾಳಿಯಲ್ಲೇ ನೀರು ತುಂಬಿರುವಾಗ ಆ ಉಪಾಯ ಅರ್ಧಕ್ಕರ್ಧ ಕೆಲಸ ಮಾಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 33 ಡಿಗ್ರಿಗೇ ನಾಯಿ ಕುಸಿಯಬಹುದು. ಕಾಲು ತೂರಾಡಿದರೆ, ನಾಲಗೆ ಕಡು ಕೆಂಪಾದರೆ ನೆರಳಿಗೆ ತಂದು ಮೈಗೆಲ್ಲ ಬಾವಿ ನೀರು ಹೊಯ್ದು ಗಾಳಿ ಹಾಕುತ್ತ ಡಾಕ್ಟರಲ್ಲಿಗೆ ಹೊರಡಿ. ಇನ್ನೊಂದು, ಬಲೆ ಬಿಡಿಸಿದ ಜಾಗದಲ್ಲಿ ಬೇಡದ ಮೀನು ಬಿಸಾಡಿರುತ್ತಾರೆ. ಹೊಟ್ಟೆ ಉಬ್ಬಿಸಿಕೊಂಡು ಸತ್ತು ಬಿದ್ದಿರುವ ಪಫರ್ ಜಾತಿಯ ಮೀನಿನಲ್ಲಿ ವಿಷ ಇರುತ್ತದೆ, ಒಂದು ಕಚ್ಚು ಸಾಕು. ಗಾಳದ ಕೊಕ್ಕೆಗಳೂ ಅಲ್ಲೇ ಬಿದ್ದಿರುತ್ತವೆ. ಆ ಬದಿಗೆ ಬಿಡಲೇ ಬೇಡಿ. ಮನೆಗೆ ಬಂದು ಸಿಹಿನೀರಿನಲ್ಲಿ ಉಪ್ಪು ತೊಳೆಯಿರಿ.

ಒಣಗಿಸುವುದು

ಮಳೆಗಾಲ ಹೇಗೆ ಕಳೆಯುತ್ತೀರಿ ಎಂಬುದರ ಮೇಲೆ ಈ ನಾಯಿ ಕರಾವಳಿಯಲ್ಲಿ ಬಾಳುತ್ತದೋ ಇಲ್ಲವೋ ಎಂಬುದು ನಿಂತಿದೆ. ಕೊಬ್ಬಿಲ್ಲದ ಮೈಗೆ ಚಳಿ ಬೇಗ ಹಿಡಿಯುತ್ತದೆ. ಒದ್ದೆಯಾಗಿಯೇ ಉಳಿದ ಚರ್ಮಕ್ಕೆ ಬೂಸು ಹಿಡಿದು ಕೂದಲು ದುಂಡಗೆ ಉದುರುತ್ತದೆ. ತಗಡು ಹೊದೆಸಿದ ಗೂಡು, ಹಟ್ಟಿಯ ಸಿಮೆಂಟು ನೆಲ, ಎರಡೂ ಆಗದು. ನಾಯಿ ಮನೆಯೊಳಗೇ ಮಲಗಬೇಕು. ಮಡಿ ಮೈಲಿಗೆಯ ಮನೆಯಾದರೆ ಹಿರಿಯರನ್ನು ಮೊದಲೇ ಒಪ್ಪಿಸಿಕೊಳ್ಳಿ, ಮರಿ ತಂದ ಮೇಲೆ ಜಗಳ ಬೇಡ. ನಮ್ಮಲ್ಲಿ ಅತ್ತೆಯವರು ಇದ್ದಾಗ ದೇವರ ಕೋಣೆ, ಅಡಿಗೆ ಕೋಣೆ ಬಿಟ್ಟು ಉಳಿದ ಕಡೆ ಅಡ್ಡಿಯಿಲ್ಲ ಎಂದಾಗಿತ್ತು. ಬೊಳ್ಳಿ ಆ ಎರಡು ಹೊಸಿಲನ್ನು ಇವತ್ತಿಗೂ ದಾಟುವುದಿಲ್ಲ.

ಹಾಸಿಗೆ ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ. ಹಳೆಯ ಮಣೆಮಂಚವೋ, ಹಲಗೆಯೋ ಸಾಕು. ಅದರ ಮೇಲೆ ದಪ್ಪ ಹಾಸು. ಮೊಣಕೈ ಎಲುಬಿಗೆ ಮಾಂಸವೇ ಇಲ್ಲದ ಕಾರಣ ಬರೀ ನೆಲದಲ್ಲಿ ಮಲಗಿದರೆ ಅಲ್ಲಿ ಚರ್ಮ ಗಂಟುಕಟ್ಟಿ ಹುಣ್ಣಾಗುತ್ತದೆ. ಗೋಣಿ ಹಾಕುವುದಾದರೆ ನಾಲ್ಕೈದು ಇಟ್ಟುಕೊಂಡು ದಿನಾ ಬದಲಿಸಿ, ಒದ್ದೆಯಾದದ್ದನ್ನು ಬಚ್ಚಲೊಲೆಯ ಮೇಲಿನ ದಂಡಿಗೆಗೆ ಹಾಕಿ. ಸೌದೆ, ಬಟ್ಟೆ ಒಣಗುವಲ್ಲೇ ಅದೂ ಒಣಗುತ್ತದೆ.

ಹೊರಗಿಂದ ಬಂದ ಕೂಡಲೇ ಒರೆಸುವ ಕ್ರಮ ಹೀಗೆ. ಹಳೆಯ ಬೈರಾಸು ಎರಡು ಬೇಕು. ಒಂದರಲ್ಲಿ ಬೆನ್ನು, ಹೊಟ್ಟೆ. ಇನ್ನೊಂದು ಪೂರ್ತಿ ಕಾಲಿಗೆ. ಇದರ ಬೆರಳು ಉದ್ದ, ಒಂದೊಂದನ್ನೂ ಬಿಡಿಸಿ ಸಂದಿಗೆ ಬಟ್ಟೆ ತೂರಿಸಿ ಒರೆಸಬೇಕು, ಅಂಗಾಲಿನ ಮೆತ್ತೆಗಳ ನಡುವೆಯೂ. ಹಾಗೆ ಮಾಡುವಾಗಲೇ ಮುಳ್ಳು, ಉಣ್ಣಿ, ಸೀಳು ಕೈಗೆ ಸಿಗುತ್ತದೆ. ಸಂದಿ ಕೆಂಪಾಗಿದ್ದು ಹುಳಿ ವಾಸನೆ ಬಂದರೆ, ನಾಯಿ ಕಾಲು ನೆಕ್ಕುತ್ತಲೇ ಇದ್ದರೆ ಬೂಸು ಶುರುವಾಗಿದೆ ಎಂದರ್ಥ. ಕಿವಿಯ ಮಡಿಕೆಯನ್ನೂ ಮಗುಚಿ ಒಣಬಟ್ಟೆಯಲ್ಲಿ ಒರೆಸಿ. ಕರ್ಪೂರ ಹಾಕಿದ ತೆಂಗಿನೆಣ್ಣೆ ಹಚ್ಚುವುದು ನಮ್ಮ ಮನೆಗಳ ರೂಢಿ. ನಾಯಿ ಅದನ್ನು ನೆಕ್ಕುತ್ತದೆ, ಕರ್ಪೂರ ನಾಯಿಗೆ ವಿಷ. ಸ್ನಾನ ಮಳೆಗಾಲದಲ್ಲಿ ತಿಂಗಳಿಗೊಂದಾದರೆ ಧಾರಾಳ, ಅದೂ ಬಿಸಿಲು ಕಂಡ ದಿನ.

ಮಳೆಯಲ್ಲಿ ಬೊಳ್ಳಿ ಹೊರಗೆ ಹೋಗಲು ಒಪ್ಪುವುದೇ ಇಲ್ಲ. ಜಗಲಿಯ ತುದಿಯಲ್ಲಿ ನಿಂತು, ಮಳೆ ನಾನೇ ತರಿಸಿದ್ದು ಎಂಬಂತೆ ನನ್ನ ಮುಖ ನೋಡುತ್ತಾಳೆ. ಮಾಡಿನಡಿಯಲ್ಲೇ ಒಂದು ಮೂಲೆಗೆ ಮರಳು ಹಾಕಿ ಅಲ್ಲಿ ಉಚ್ಚೆಗೆ ಹೋಗುವುದನ್ನು ಕಲಿಸಿಡಿ. ಓಟವಿಲ್ಲದ ದಿನಗಳಿಗೆ ಚಾವಡಿಯಲ್ಲಿ ಬಿದಿರು ಕೋಲಿನ ತುದಿಗೆ ಹಗ್ಗ, ಹಗ್ಗಕ್ಕೆ ಹಳೆ ಬಟ್ಟೆ ಕಟ್ಟಿ ನೆಲದಲ್ಲಿ ಎಳೆಯಿರಿ. ಕಾವಿ ನೆಲ ಜಾರುತ್ತದೆ, ಕಂಬಳಿ ಹಾಸಿ. ಐದು ನಿಮಿಷ ಆಡಿಸಿದರೆ ಉಗುರಲ್ಲಿ ಸೋಫಾ ಹರಿಯುವುದು ತಪ್ಪುತ್ತದೆ.

ಊಟ

"ಟೀಚರೇ, ನಾಯಿಗೆ ಊಟ ಹಾಕುದಿಲ್ವಾ? ಎಲುಬು ಕಾಣ್ತದೆ ಮಾರಾಯ್ರೆ!" ಇದನ್ನು ನೀವು ಕೇಳುತ್ತೀರಿ, ಕೇಳುತ್ತಲೇ ಇರುತ್ತೀರಿ. ಹಿಂದಿನ ಎರಡು ಮೂರು ಪಕ್ಕೆಲುಬು ಸ್ವಲ್ಪ ಕಾಣುವುದೇ ಇದಕ್ಕೆ ಸರಿ. ಬೆನ್ನ ಹುರಿ ಗರಗಸದಂತೆ ಎದ್ದರೆ ಮಾತ್ರ ಚಿಂತೆ. ಜನರ ಮಾತು ಕೇಳಿ ದಪ್ಪ ಮಾಡಿದರೆ ಆ ಸಪೂರ ಕಾಲಿನ ಕೀಲು ತಡೆಯುವುದಿಲ್ಲ.

ಕುಚ್ಚಲಕ್ಕಿ ಗಂಜಿ, ಸಾರಿನ ತಳ, ಇಷ್ಟರಲ್ಲಿ ಸ್ನಾಯು ಬೆಳೆಯದು. ತಟ್ಟೆಯಲ್ಲಿ ಅನ್ನ ಮೂರನೇ ಒಂದು ಪಾಲು ಮೀರದಿರಲಿ, ಉಳಿದದ್ದು ಕೋಳಿ, ಮೊಟ್ಟೆ, ಮೀನು, ಸ್ವಲ್ಪ ಸಿಹಿಕುಂಬಳ, ಬೀನ್ಸ್. ಬೂತಾಯಿ ಮೀನನ್ನು ಕುಕ್ಕರಿನಲ್ಲಿ ಮುಳ್ಳು ಪುಡಿಯಾಗುವಷ್ಟು ಬೇಯಿಸಿ, ಉಪ್ಪು ಖಾರ ಹುಳಿ ಇಲ್ಲದೆ. ಬಂಗುಡೆಯಾದರೆ ನಡುಮುಳ್ಳು ತೆಗೆಯಿರಿ. ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳುತ್ತದೆ, ಅದನ್ನು ಹಾಕಬೇಡಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಟ್ರಾಲ್ ಬೋಟು ಕಡಲಿಗಿಳಿಯದ ಕಾಲದಲ್ಲಿ ಮೀನಿನ ರೇಟು ನಮಗೇ ತಡೆಯದು, ಆಗ ಮೊಟ್ಟೆ ಮತ್ತು ಪ್ಯಾಕೆಟ್ಟಿನ ನಾಯಿ ತಿಂಡಿ. ಎಲುಬು ಹಾಕದ ಮನೆ ಅಡಿಗೆಯಲ್ಲಿ ಸುಣ್ಣದಂಶ ಸಾಲುವುದಿಲ್ಲ, ಮುಖ್ಯವಾಗಿ ಮರಿಗೆ. ಎಷ್ಟು ಕ್ಯಾಲ್ಸಿಯಂ ಬೇಕೆಂದು ಡಾಕ್ಟರು ಹೇಳಲಿ, ಅಂದಾಜಿನಲ್ಲಿ ಹಾಕಬೇಡಿ. ನೀರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ಆಗದು. ಪಾಯಸದ ದ್ರಾಕ್ಷಿಯೂ ದ್ರಾಕ್ಷಿಯೇ.

ದಿನದ ಊಟ ಎರಡು ಪಾಲು ಮಾಡಿ. ಉಂಡ ಮೇಲೆ ಎರಡು ಗಂಟೆ ಓಟ ಬೇಡ. ಆಳದ ಎದೆಯ ನಾಯಿಗಳ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು. ಹೊಟ್ಟೆ ಬಿಗಿದು, ವಾಂತಿಗೆ ಎಳೆದರೂ ಏನೂ ಬಾರದೆ, ನಿಂತಲ್ಲಿ ನಿಲ್ಲದೆ ಒದ್ದಾಡಿದರೆ ಓಮದ ನೀರು ಕುಡಿಸುತ್ತ ಕೂರಬೇಡಿ. ಆಪರೇಶನ್ ಮಾಡುವ ಆಸ್ಪತ್ರೆಗೆ ಆಗಲೇ ಹೊರಡಬೇಕು.

ಉಣ್ಣಿ, ಜ್ವರ, ಡಾಕ್ಟರು

ಕರಾವಳಿಯಲ್ಲಿ ನಾಯಿಗಳನ್ನು ಕಾಡುವುದು ಉಣ್ಣಿ ಜ್ವರ. ಊಟ ಬಿಡುವುದು, ಜ್ವರ, ಒಸಡು ಬಿಳಚಿಕೊಳ್ಳುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ಮನೆಯಲ್ಲೊಂದು ಥರ್ಮಾಮೀಟರ್ ನಾಯಿಗೆಂದೇ ಇರಲಿ. ಗುದದಲ್ಲಿಟ್ಟು ನೋಡಿದಾಗ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ, 103 ದಾಟಿದರೆ ಜ್ವರ. ಡೋಲೋ, ಬ್ರೂಫೆನ್ ಕೊಡುವ ಯೋಚನೆಯನ್ನೇ ಮಾಡಬೇಡಿ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಮೂರು ನಾಲ್ಕು ವಾರದ ಮಾತ್ರೆ ಬರೆದರೆ ಕೊನೆಯದರವರೆಗೂ ಕೊಡಿ. ಎರಡೇ ದಿನಕ್ಕೆ ಚುರುಕಾಯಿತೆಂದು ನಿಲ್ಲಿಸಿದವರ ನಾಯಿಗೆ ಮತ್ತೆ ಮರುಕಳಿಸಿದ್ದನ್ನು ನೋಡಿದ್ದೇನೆ. ಉಣ್ಣಿ ತಡೆಯಲು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆಗಳು ಈಗ ಸಿಗುತ್ತವೆ, ನಾಯಿಯ ತೂಕ ನೋಡಿ ಕೊಡುವಂಥದ್ದು. ತೋಟಕ್ಕೆ ಹೊಡೆಯುವ ಮದ್ದನ್ನು ನೀರಿಗೆ ಬೆರೆಸಿ ನಾಯಿಗೆ ಹಾಕುವವರಿಗೆ ಏನು ಹೇಳಬೇಕೋ ನನಗೆ ಗೊತ್ತಾಗುವುದಿಲ್ಲ.

ಅಷ್ಟಮಿಯ ಹುಲಿವೇಷದ ತಾಸೆ, ಕೋಲದ ಗರ್ನಾಲು, ಬಯಲಾಟದ ಚೆಂಡೆ ಇವೆಲ್ಲ ಬೊಳ್ಳಿಗೆ ಆಗದು. ಆ ದಿನ ಹೊತ್ತಿಗೆ ಮುಂಚೆ ನಡೆಸಿ, ಒಳಕೋಣೆಯ ಕಿಟಕಿ ಮುಚ್ಚಿ ಫ್ಯಾನು ಹಾಕಿ ಬಿಡುತ್ತೇವೆ, ಒಬ್ಬರು ಮನೆಯಲ್ಲೇ ಉಳಿಯುತ್ತೇವೆ. ಹೆದರಿ ಓಡಿದ ಮುಧೋಳ ನಾಯಿಯನ್ನು ಹಿಂದೆ ಓಡಿ ಹಿಡಿಯುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಮರಿಯಾಗದಂತೆ ಆಪರೇಶನ್ ಮಾಡಿಸುವಾಗ, ಗಾಯಕ್ಕೆ ಹೊಲಿಗೆ ಹಾಕಿಸುವಾಗ ಡಾಕ್ಟರಿಗೆ "ಇದು ಗ್ರೇಹೌಂಡಿನ ಥರದ ಮೈ" ಎಂದು ನೀವಾಗಿಯೇ ಹೇಳಿ. ಈ ಬಗೆಯ ನಾಯಿಗಳಿಗೆ ಥಯೋಪೆಂಟಾಲಿನಂಥ ಹಳೆಯ ಅರಿವಳಿಕೆ ಕೊಟ್ಟರೆ, ಕೊಬ್ಬು ಕಡಿಮೆಯಿರುವುದರಿಂದ ಮತ್ತು ಲಿವರು ಅದನ್ನು ನಿಧಾನಕ್ಕೆ ಕರಗಿಸುವುದರಿಂದ, ಎಚ್ಚರವಾಗಲು ವಿಪರೀತ ಹೊತ್ತು ಹಿಡಿಯುತ್ತದೆ. ಬೇರೆ ಮದ್ದುಗಳಿವೆ. ತೂಕವನ್ನು ಅಂದಾಜು ಮಾಡಲು ಬಿಡಬೇಡಿ, ಅಲ್ಲೇ ತೂಗಿಸಿ. ಆಪರೇಶನ್ ಆದ ಮೇಲೆ ಮೈ ಬೇಗ ತಣ್ಣಗಾಗುತ್ತದೆ, ಮನೆಯಿಂದಲೇ ಎರಡು ಕಂಬಳಿ ಒಯ್ಯಿರಿ, ಬರುವಾಗ ಕಾರಿನ ಏಸಿ ಹಾಕಬೇಡಿ.